ರಜೆಯ ಮಂಗಳವಾರ

ವಾರಕ್ಕೈದು ದಿನ ನನ್ನ ಒಂದು ಕೈ ಕಿಟಕಿಯ ಆಚೆಗಿರುತ್ತದೆ.
ಮ್ಯಾಕಿನಾ ಸೇತುವೆಯ ಟೋಲ್ ಗೂಡು, ಮೂರನೇ ಸಾಲು:
ಕಾರಿಗೆ ನಾಲ್ಕು ಡಾಲರು, ಲಾರಿಗೆ ಅಚ್ಚಿನ ಲೆಕ್ಕ.
ನೋಟು, ಚಿಲ್ಲರೆ, "ಜೋಪಾನ, ಮೇಲೆ ಗಾಳಿಯಿದೆ."
ಹತ್ತೊಂಬತ್ತು ವರ್ಷ.
ಬಿಡುವಾದಾಗ ಪೂರ್ವಕ್ಕೆ ಕತ್ತು ತಿರುಗಿಸಿದರೆ
ನೀರ ಮೇಲೆ ಆ ದ್ವೀಪ,
ಯಾರೋ ಇಟ್ಟು ಮರೆತ ಟೊಪ್ಪಿಯ ಹಾಗೆ.

ಬೇಸಿಗೆಯಲ್ಲಿ ಅದು ನಮ್ಮದಲ್ಲ,
ಐಸ್‌ಕ್ರೀಮು ಹಿಡಿದವರದು.
ನವೆಂಬರಿನ ಒಂದು ಮಂಗಳವಾರ ಹೋದೆ.
ದೋಣಿಯಲ್ಲಿ ಏಳು ಜನ, ಒಂದು ವಾಷಿಂಗ್ ಮಷೀನು,
ಹಿಟ್ಟಿನ ಮೂಟೆ, ಹಲ್ಲು ಕೀಳಿಸಿಕೊಂಡು ಮರಳುತ್ತಿದ್ದ
ಅಂಚೆ ಕಚೇರಿಯ ಹೆಂಗಸು, ಬಾಯಲ್ಲಿ ಹತ್ತಿ.
ಟಿಕೆಟಿಗೆಂದು ಕೈ ಚಾಚಿದ್ದು
ಈ ಸಲ ಬೇರೆಯವರು.

ಇಳಿದೆ. ಕಿವಿಗೇನೋ ಆಯಿತು ಅನ್ನಿಸಿತು.
ಸದ್ದಿಲ್ಲವೆಂದಲ್ಲ,
ಸದ್ದುಗಳ ಮೇಲಿನ ಮುಚ್ಚಳ ಯಾರೋ ತೆಗೆದಿದ್ದರು:
ಹಗ್ಗ ಕಂಬಕ್ಕೆ ಬಡಿಯುವುದು, ಎಲ್ಲೋ ಸುತ್ತಿಗೆ,
ನನ್ನದೇ ಮಂಡಿಯ ಕಟಕ್ಕು.

ನೂರಿಪ್ಪತ್ತು ವರ್ಷಕ್ಕೂ ಹಿಂದೆ ಇಲ್ಲೊಂದು ಮೋಟಾರು ಕೆಮ್ಮಿತಂತೆ,
ಸಾರೋಟಿನ ಕುದುರೆ ಬೆದರಿದವಂತೆ.
ಊರವರು ಸೇರಿ
ಕುದುರೆಗಳ ಮಾತನ್ನೇ ಎತ್ತಿ ಹಿಡಿದರು.

ಈಗ ಕುದುರೆಗಳೂ ಇಲ್ಲ. ಅಕ್ಟೋಬರಿನಲ್ಲೇ
ಹಡಗು ಹತ್ತಿ ಹುಲ್ಲಿರುವ ಕಡೆ ಹೋದವು;
ನಾಲ್ಕಾರು ಉಳಿದಿವೆ, ಚಳಿಗಾಲದ ಚಾಕರಿಗೆ.
ಮಿಠಾಯಿ ಅಂಗಡಿಯ ತಾಮ್ರದ ಕೊಪ್ಪರಿಗೆ ಬೋರಲು ಬಿದ್ದಿದೆ.
ಗುಡ್ಡದ ಕೋಟೆಗೆ ಬೀಗ.
ದೊಡ್ಡ ಹೋಟೆಲಿನ ಜಗಲಿ, ಉದ್ದಕ್ಕೆ, ಇನ್ನೂ ಉದ್ದಕ್ಕೆ,
ತೂಗುಕುರ್ಚಿ ಒಂದೂ ಇಲ್ಲದೆ
ಹಲ್ಲುದುರಿದ ವಸಡು.

ಲಪೈನ್ ಬೀದಿ ಗುಡಿಸುತ್ತಿದ್ದ.
ಬೇಸಿಗೆಯಿಡೀ ಅವನ ಕೆಲಸ ಲದ್ದಿ ಬಳಿಯುವುದು.
ಈಗ ಬರೀ ಮೇಪಲ್ ಎಲೆ. "ಎಲೆಗೆ ತೂಕವಿಲ್ಲ," ಅಂದ, ದೂರಿನ ದನಿ,
"ಗುಡಿಸಿದ ಹಾಗೇ ಅನ್ನಿಸಲ್ಲ.
ಲದ್ದಿ ನೋಡಿ ಹೇಳ್ತಿದ್ದೆ ಯಾವ ಕುದುರೆ, ಹೊಟ್ಟೆ ನೆಟ್ಟಗಿದೆಯೋ ಇಲ್ಲವೋ."
ನಾನಂದೆ: ನಾನು ನೋಟು ನೋಡಿ ಹೇಳ್ತೀನಿ,
ಮೀನು ಹಿಡಿಯೋಕೆ ಹೊರಟವರೋ, ಮಣ್ಣಿಗೆ ಹೊರಟವರೋ.
ಮಣ್ಣಿಗೆ ಹೋಗುವವರು ನೋಟನ್ನು
ನಾಲ್ಕಾಗಿ ಮಡಚಿರುತ್ತಾರೆ.
ಅವನು ಪೊರಕೆ ಊರಿ ನಿಂತ.

ದ್ವೀಪದ ಸುತ್ತ ಎಂಟು ಮೈಲಿ ಸರ್ಕಾರಿ ಹೆದ್ದಾರಿ,
ನಂಬರಿದೆ, ಮೈಲಿಗಲ್ಲಿದೆ, ಗಾಡಿ ಮಾತ್ರ ಇಲ್ಲ.
ನಟ್ಟನಡು ರಸ್ತೆಯಲ್ಲಿ ನಡೆದೆ,
ರಾಣಿಯ ಹಾಗೆ, ಮೂಗು ಸೋರುತ್ತಾ.
ಎಡಕ್ಕೆ ಸುಣ್ಣಕಲ್ಲಿನ ಕಮಾನು, ಬಲಕ್ಕೆ ಸೀಸದ ಬಣ್ಣದ ನೀರು.
ಆರನೇ ಮೈಲಿಗೆ ಸೇತುವೆ ಕಂಡಿತು,
ಈ ಕಡೆಯಿಂದ, ಮೊದಲ ಸಲ:
ಎರಡು ಗೂಟಕ್ಕೆ ಕಟ್ಟಿದ ದಾರ,
ಮೇಲೆ ಉರುಳುವ ಸಾಸಿವೆ ಕಾಳು.
ಇಷ್ಟು ವರ್ಷ ನಾನು
ಸಾಸಿವೆಗೆ ಸುಂಕ ಎತ್ತುತ್ತಿದ್ದೆ.

ಲಪೈನನ ಅಜ್ಜಿ ಒಡಾವಾ ಜನದವಳು.
ಈ ನೆಲವನ್ನು ದೊಡ್ಡ ಆಮೆ ಅನ್ನುತ್ತಿದ್ದಳಂತೆ.
ಇರಬೇಕು. ಕಾಲು ಒಳಗೆಳೆದುಕೊಂಡಿದೆ.
"ಫೆಬ್ರವರಿಗೆ ಬಾ," ಅಂದ. "ಕ್ರಿಸ್‌ಮಸ್ ಮುಗಿದ ಮೇಲೆ
ಮನೆಮನೆಯ ಮರ ತಂದು ಹೆಪ್ಪುಗಟ್ಟಿದ ನೀರಲ್ಲಿ
ಸಾಲಾಗಿ ನೆಡ್ತೀವಿ, ದಾರಿ ತಪ್ಪಬಾರದಲ್ಲ.
ನಡೆದೇ ಬರಬಹುದು. ಈಚೆಗೆ ಕೆಲವು ವರ್ಷ
ಹೆಪ್ಪುಗಟ್ಟೋದೇ ಇಲ್ಲ, ಅದು ಬೇರೆ."
"ಟೋಲು?"
"ಮುಳುಗಿದವರು ಕಟ್ಟುತ್ತಾರೆ."

ನಾಲ್ಕರ ದೋಣಿ. ಹೊರಡುವಾಗ ಎಲೆಗುಪ್ಪೆಯಿಂದ
ಒಂದು ಲಾಳದ ಮೊಳೆ ಹೆಕ್ಕಿ,
ಪ್ಯಾಂಟಿಗೆ ಒರೆಸಿ, ನನ್ನ ಅಂಗೈಯಲ್ಲಿಟ್ಟ.

ಬುಧವಾರ ಆರಕ್ಕೆ ಗೂಡಿನಲ್ಲಿದ್ದೆ.
ದಿಮ್ಮಿ ಹೊತ್ತ ಲಾರಿ, ಕತ್ತಲೆ, ಅವನಿಗೆ ಅವಸರ.
ಗಲ್ಲೆಯಲ್ಲಿ ನಾಣ್ಯ ಸಾಲದೆ
ಜೇಬಿಗೆ ಕೈ ಹಾಕಿ ಚಿಲ್ಲರೆ ಕೊಟ್ಟೆ.
ಹತ್ತು ಗಾಡಿ ದಾಟಿದ ಮೇಲೆ
ಜೇಬು ತಡವಿದೆ: ಮೊಳೆಯೂ ಹೋಗಿದೆ.

ಈಗೆಲ್ಲೋ ದಕ್ಷಿಣದಲ್ಲಿ, ಪೆಟ್ರೋಲ್ ಬಂಕಿನ ದೀಪದಡಿ,
ಹದಿನೆಂಟು ಚಕ್ರದ ಪಕ್ಕ ನಿಂತು
ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು
ಟೈರುಗಳ ಕಡೆ ನೋಡುತ್ತಿರಬಹುದು.